ಗೋಬರ್ ಗ್ಯಾಸಿಗೆ ಕರಟದ ಇದ್ದಿಲು

ಗೋಬರ್ ಗ್ಯಾಸ್ ಗುಂಡಿಗೆ ಇದ್ದಿಲ ಪುಡಿ ಬೆರೆಸಿದರೆ ಅನಿಲ ಹೆಚ್ಚುತ್ತದೆ ಎಂಬ ಮಾತಿಗೆ ಬೆಳ್ಳಾವಿಯಂಥ ತೆಂಗಿನ ಸೀಮೆಯಲ್ಲಿ ಆಸೆ ಹುಟ್ಟುವುದು ಸಹಜ. ಕೊಬ್ಬರಿ ಒಡೆದ ಮನೆಯ ಮುಂದೆ ಕರಟದ ರಾಶಿ ಬೀಳುತ್ತದೆ, ಕೊಟ್ಟಿಗೆಯಲ್ಲಿ ಸಗಣಿ ಇದೆ. ಎರಡೂ ಮನೆಯದೇ ಆದಮೇಲೆ ಬೆರೆಸಿ ನೋಡಲು ಏನಡ್ಡಿ? ಅಡ್ಡಿಯೇನಿಲ್ಲ, ಮೊದಲು ಲೆಕ್ಕ ಹಾಕಬೇಕು.

ಇದರ ಹಿಂದಿನ ವಿಜ್ಞಾನ ಗಟ್ಟಿಯಾಗಿದೆ. ಗುಂಡಿಯೊಳಗೆ ಕೆಲವು ಸೂಕ್ಷ್ಮಜೀವಿಗಳು ಕಸವನ್ನು ಕೊಳೆಸಿ ಆಮ್ಲ ಮಾಡುತ್ತವೆ, ಬೇರೆ ಕೆಲವು ಅದರಿಂದ ಮೀಥೇನ್ ಮಾಡುತ್ತವೆ. ಮೊದಲನೆಯವುಗಳದು ಅವಸರ, ಎರಡನೆಯವುಗಳದು ನಿಧಾನ. ಆಮ್ಲ ಮಿತಿಮೀರಿದರೆ ಗುಂಡಿ ಹುಳಿಯಾಗಿ ಅನಿಲ ನಿಂತುಹೋಗುತ್ತದೆ. ಇಂಗಾಲದ ಕಣಗಳ ಮೈಮೇಲೆ ಎರಡೂ ಬಗೆಯವು ನೆಲೆಯೂರಿ, ಅದರ ಮೂಲಕ ಎಲೆಕ್ಟ್ರಾನುಗಳನ್ನು ನೇರವಾಗಿ ದಾಟಿಸಿಕೊಳ್ಳಬಲ್ಲವು. ವಿಶೇಷವಾಗಿ ಹದಗೊಳಿಸಿದ ಇದ್ದಿಲಾದ ಆಕ್ಟಿವೇಟೆಡ್ ಕಾರ್ಬನ್‌ನಿಂದ ಇದು ಆಗುತ್ತದೆಂದು ಅಮೆರಿಕದ ಡೆರೆಕ್ ಲವ್ಲಿ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು.

ಆದರೆ ಇದರ ಫಲ ಎದ್ದು ಕಾಣುವುದು ಅನ್ನ, ತರಕಾರಿ, ಹೋಟೆಲಿನ ಎಂಜಲಿನಂಥ ಬೇಗ ಹುಳಿಯುವ ಕಸದಲ್ಲಿ. ಹುಳಿಯನ್ನು ತಡೆದುಕೊಳ್ಳುವ ಗುಣ ಸಗಣಿಗೆ ತಕ್ಕಮಟ್ಟಿಗೆ ತಾನಾಗಿಯೇ ಇದೆ. 2 ಘನ ಮೀಟರಿನ ಮನೆ ಘಟಕಕ್ಕೆ ದಿನಕ್ಕೆ ಸುಮಾರು 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ಲೀಟರ್ ಬಗ್ಗಡಕ್ಕೆ 10 ಗ್ರಾಂ ಎಂದು ಹಿಡಿದರೂ ದಿನಕ್ಕೆ 1 ಕೆಜಿ ಇದ್ದಿಲು ಬೇಕಾಯಿತು. ಅನಿಲ ನೂರಕ್ಕೆ ಹತ್ತು ಪಾಲು ಹೆಚ್ಚಿತೆಂದುಕೊಳ್ಳೋಣ: 0.2 ಘನ ಮೀಟರ್, ಅಂದರೆ ಸುಮಾರು 4 ಮೆಗಾಜೂಲ್ ಶಾಖ. ಅದೇ ಇದ್ದಿಲನ್ನು ನೇರವಾಗಿ ಒಲೆಗೆ ಹಾಕಿದ್ದರೆ 28ರ ಆಸುಪಾಸು! ಮಾರಿದರೆ ದುಡ್ಡಾಗುವ ಇದ್ದಿಲನ್ನು ಸಗಣಿ ಗುಂಡಿಗೆ ಸುರಿಯುವುದು ಶುದ್ಧ ನಷ್ಟ.

ಜರಡಿಯಿಂದ ಉದುರುವ, ಒಲೆಗೆ ಒದಗದ ಪುಡಿಯ ಮಾತು ಬೇರೆ. ಅದು ಗುಂಡಿಯಲ್ಲಿ ಕರಗಿಹೋಗುವುದಿಲ್ಲ. ಬಗ್ಗಡದ ಜೊತೆ ಹೊರಬಂದು ತೆಂಗಿನ ಬುಡ ಸೇರಿ ಸಾರವನ್ನೂ ತೇವವನ್ನೂ ಹಿಡಿದಿಡಬಲ್ಲದು. ನನ್ನ ಮಟ್ಟಿಗೆ ಹೆಚ್ಚಿನ ಲಾಭ ಇದೇ. ದಪ್ಪ ಚೂರು ಮಾತ್ರ ಬೇಡ, ತಳ ಹಿಡಿಯುತ್ತದೆ.

ಅನಿಲ ಹೆಚ್ಚಿಸುವ ಮಾತಾಡುವವರು ನಮ್ಮ ತುಮಕೂರು ಜಿಲ್ಲೆಯ ಪುರವನ್ನು ಮರೆಯಬಾರದು. ಕುಣಿಗಲ್ ತಾಲ್ಲೂಕಿನ ಈ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ, ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ, ಊರಿಗೆಲ್ಲ ಸೇರಿದ ಘಟಕ ಕಟ್ಟಿತು. ಮೊದಲು ಅಡುಗೆಗೆಂದು ಹೊರಟರು. ಎಲ್ಲರ ಒಲೆಗೆ ಸಾಲುವಷ್ಟು ಸಗಣಿ ಊರಲ್ಲಿರಲಿಲ್ಲ. 1987ರಿಂದ ಅದೇ ಅನಿಲದಲ್ಲಿ, ಜೊತೆಗೆ ಒಂದಿಷ್ಟು ಡೀಸೆಲ್ ಬಳಸಿ, ಎಂಜಿನ್ ಓಡಿಸಿ ದೀಪಕ್ಕೂ ಕುಡಿಯುವ ನೀರಿಗೂ ಕರೆಂಟ್ ಕೊಟ್ಟರು. ಸಗಣಿ ತಂದುಹಾಕಿದವರಿಗೆ ಕೆಜಿಗೆ 2 ಪೈಸೆ, ಅವರ ಪಾಲಿನ ಬಗ್ಗಡವೂ ವಾಪಸು. ಸಗಣಿ ಹಾಕಿದರೆ ನಲ್ಲಿಯಲ್ಲಿ ನೀರು ಬರುತ್ತದೆ ಎಂಬ ಖಾತ್ರಿಯೇ ಘಟಕದ ಅನಿಲ ಹಿಡಿಯುವ ಡ್ರಮ್ಮನ್ನು ವರ್ಷಗಟ್ಟಲೆ ಮೇಲೆತ್ತಿತು. ಸಗಣಿ ಬೀಳದ ಗುಂಡಿಗೆ ಯಾವ ಇಂಗಾಲ ಬೆರೆಸಿ ಏನು ಪ್ರಯೋಜನ?

ಇದ್ದಿಲಿನ ಪ್ರಯೋಗ ನಡೆಯಬೇಕಾದ್ದು ದೊಡ್ಡ ಅಡುಗೆಮನೆಗಳಲ್ಲಿ: ತುಮಕೂರಿನ ಹಾಸ್ಟೆಲುಗಳು, ಹೋಟೆಲುಗಳು, ನಿತ್ಯ ಸಾವಿರಾರು ಮಂದಿ ಉಣ್ಣುವ ಸಿದ್ಧಗಂಗೆಯ ದಾಸೋಹದಂಥ ಕಡೆ. ಅಲ್ಲಿ ಎರಡು ಒಂದೇ ಅಳತೆಯ ಘಟಕಗಳಿಗೆ ಒಂದೇ ಕಸ ಹಾಕಿ, ಒಂದಕ್ಕೆ ಮಾತ್ರ ಪುಡಿ ಬೆರೆಸಿ, ಅನಿಲ ಕುಗ್ಗುವ ಮಾಗಿಯ ಚಳಿಯನ್ನೂ ಸೇರಿಸಿ ಅಳೆಯಲಿ. ಕರಟವನ್ನು ಬಯಲಲ್ಲಿ ಹೊಗೆಯೆಬ್ಬಿಸಿ ಸುಟ್ಟದ್ದಾದರೆ ಆ ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯಲಿ.