ಬೇಸ್‌ಬಾಲಿನ ಮೂಲಪುರುಷರು

ಬೇಸ್‌ಬಾಲ್ ಹುಟ್ಟಿದ್ದೆಲ್ಲಿ ಎಂದು ತೀರ್ಮಾನಿಸಲು 1905ರಲ್ಲಿ ಅಮೆರಿಕದಲ್ಲಿ ಒಂದು ಆಯೋಗವೇ ರಚನೆಯಾಯಿತು. ಅದರ ಹಿಂದೆ ಇದ್ದವನು ಹಳೆಯ ಆಟಗಾರ, ಕ್ರೀಡಾಸಾಮಗ್ರಿಯ ದೊಡ್ಡ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್. ಆಟದ ಮೂಲ ಇಂಗ್ಲೆಂಡಿನ ರೌಂಡರ್ಸ್ ಎಂದು ಪತ್ರಕರ್ತ ಹೆನ್ರಿ ಚಾಡ್ವಿಕ್ ಬರೆದದ್ದು ಅವನಿಗೆ ಹಿಡಿಸಿರಲಿಲ್ಲ. ಏಬ್ರಹಾಂ ಮಿಲ್ಸ್‌ನ ಮುಂದಾಳತ್ವದ ಆಯೋಗ 1907ರ ಕೊನೆಯಲ್ಲಿ ತೀರ್ಪಿತ್ತಿತು: ಊರು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್, ವರ್ಷ 1839, ಜನಕ ಆಬ್ನರ್ ಡಬಲ್‌ಡೇ.

ಆಧಾರ? ಡೆನ್ವರಿನ ಗಣಿ ಎಂಜಿನಿಯರ್ ಆಬ್ನರ್ ಗ್ರೇವ್ಸ್ ಬರೆದ ಪತ್ರಗಳು. 1839ರಲ್ಲಿ ಗ್ರೇವ್ಸ್ ಐದು ವರ್ಷದ ಹುಡುಗ. ಡಬಲ್‌ಡೇ ಆಗ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಕೆಡೆಟ್. ಮುಂದೆ ಅಂತರ್ಯುದ್ಧದಲ್ಲಿ ಜನರಲ್ ಆಗಿ 1893ರಲ್ಲಿ ತೀರಿಕೊಂಡ ಆತ, ತಾನೊಂದು ಆಟ ಹುಟ್ಟುಹಾಕಿದೆನೆಂದು ಎಲ್ಲೂ ಬರೆದಿಟ್ಟಿಲ್ಲ. ಮಿಲ್ಸ್‌ಗೆ ಆತ ಹಳೆಯ ಗೆಳೆಯ. ಗ್ರೇವ್ಸ್‌ನ ಪತ್ರ ಬರುವ ತನಕ ಮಿಲ್ಸ್‌ನೂ ಆ ಮಾತೆತ್ತಿರಲಿಲ್ಲ. ಹಾಗಿದ್ದೂ 1939ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಬಾಗಿಲು ತೆರೆಯಿತು.

ಡಬಲ್‌ಡೇ ಕಥೆಯನ್ನು ಗೇಲಿ ಮಾಡುವುದು ಸುಲಭ; ಎಲ್ಲರೂ ಮಾಡಿದ್ದಾರೆ. ಎದುರು ಪಕ್ಷದ ಚಾಡ್ವಿಕ್‌ನೂ ಎಡವಿದ್ದನೆಂಬುದನ್ನು ತೋರಿಸಲು ಮಾತ್ರ ನೂರು ವರ್ಷ ಹಿಡಿಯಿತು. ಜಾನ್ ನ್ಯೂಬೆರಿ 1744ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಮಕ್ಕಳ ಪುಸ್ತಕದಲ್ಲೇ ಬೇಸ್‌ಬಾಲ್ ಇದೆ. ವಿಲಿಯಂ ಬ್ರೇ ಎಂಬ ಯುವಕ 1755ರ ಈಸ್ಟರ್ ಸೋಮವಾರ ಅದನ್ನು ಆಡಿದ್ದಾಗಿ ದಿನಚರಿಯಲ್ಲಿ ಬರೆದಿದ್ದಾನೆ. ಅಮೆರಿಕದ ಪಿಟ್ಸ್‌ಫೀಲ್ಡ್ ಊರು 1791ರಲ್ಲಿ ಸಭಾಭವನದ ಕಿಟಕಿ ಗಾಜು ಉಳಿಸಿಕೊಳ್ಳಲು ಅದರ ಹತ್ತಿರ ಈ ಆಟವನ್ನು ನಿಷೇಧಿಸಿತ್ತು. ರೌಂಡರ್ಸ್ ಎಂಬ ಆಟ ಅಚ್ಚಿನಲ್ಲಿ ಕಾಣಿಸುವುದೇ 1828ರ ಸುಮಾರಿಗೆ. ಮಗನನ್ನೇ ಅಪ್ಪನೆಂದು ಕರೆದ ಈ ಎಡವಟ್ಟನ್ನು ಬೇಸ್‌ಬಾಲ್ ಇತಿಹಾಸದ ಸಂಶೋಧಕ ಡೇವಿಡ್ ಬ್ಲಾಕ್ 2005ರ ಪುಸ್ತಕದಲ್ಲಿ ಬಿಡಿಸಿಟ್ಟರು.

ಡಬಲ್‌ಡೇಯನ್ನು ಕೆಳಗಿಳಿಸಿದವರಾದರೂ ಸುಮ್ಮನಿದ್ದರೆ? ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನ ಅಲೆಗ್ಸಾಂಡರ್ ಕಾರ್ಟ್‌ರೈಟ್‌ನನ್ನು ಆ ಜಾಗದಲ್ಲಿ ಕೂರಿಸಿದರು. ತೊಂಬತ್ತು ಅಡಿ ಅಂತರದ ಬೇಸ್‌ಗಳು, ಒಂಬತ್ತು ಇನಿಂಗ್ಸ್, ಒಂಬತ್ತು ಆಟಗಾರರು, ಎಲ್ಲವೂ ಅವನ ಕೊಡುಗೆ ಎನ್ನುತ್ತದೆ ಹಾಲ್ ಆಫ್ ಫೇಮ್‌ನ ಫಲಕ. ಕ್ಲಬ್ಬಿನ 1845ರ ನಿಯಮಗಳನ್ನು ಓದಿದರೆ ಇವು ಮೂರೂ ಅಲ್ಲಿಲ್ಲ! ಇಪ್ಪತ್ತೊಂದು ಅಂಕ ಮೊದಲು ಮುಟ್ಟಿದವರಿಗೆ ಗೆಲುವು, ಅಷ್ಟೇ.

ಆ ನಿಯಮಗಳಲ್ಲಿ ನಿಜವಾಗಿ ತೂಕದ್ದು ಬೇರೆಯೇ. ಓಡುವವನನ್ನು ಔಟ್ ಮಾಡಲು, ನಮ್ಮ ಲಗೋರಿಯಲ್ಲಿ ಹೊಡೆಯುವಂತೆ, ಚೆಂಡನ್ನು ಮೈಮೇಲೆ ಎಸೆಯುವುದನ್ನು ಅವು ನಿಲ್ಲಿಸಿದವು. ಮೈಗೆ ಬೀಳುವ ಭಯ ಹೋದಮೇಲೆ ಚೆಂಡು ಗಟ್ಟಿಯಾಗಬಹುದಿತ್ತು. ಗಟ್ಟಿ ಚೆಂಡು ದೂರ ಹೋಗುತ್ತದೆ, ಮೈದಾನ ಹಿಗ್ಗುತ್ತದೆ, ದೊಡ್ಡವರು ಮರ್ಯಾದೆ ಬಿಡದೆ ಆಡಬಹುದು. ಈ ಬದಲಾವಣೆ ಕ್ಲಬ್ಬಿನದ್ದು. ಒಬ್ಬನ ತಲೆಯಿಂದ ಉದುರಿದ್ದೆನ್ನಲು ಪುರಾವೆಯಿಲ್ಲ.

ತೊಂಬತ್ತು ಅಡಿ, ಒಂಬತ್ತು ಇನಿಂಗ್ಸ್, ಒಂಬತ್ತು ಆಟಗಾರರು ಸ್ಥಿರವಾದದ್ದು 1857ರ ಕ್ಲಬ್ಬುಗಳ ಸಮಾವೇಶದಲ್ಲಿ, ಡೇನಿಯಲ್ 'ಡಾಕ್' ಆಡಮ್ಸ್ ಎಂಬ ವೈದ್ಯನ ಅಧ್ಯಕ್ಷತೆಯಲ್ಲಿ. ಇತಿಹಾಸಕಾರ ಜಾನ್ ಥಾರ್ನ್ ಅವರ 2011ರ ಪುಸ್ತಕ ಈ ಸಮಿತಿ ಕೆಲಸವನ್ನು ಚೆನ್ನಾಗಿ ಕಟ್ಟಿಕೊಡುತ್ತದೆ. ಆದರೆ ಅವರ ಓದುಗರಲ್ಲಿ ಹಲವರಿಗೆ ಈಗ ಆಡಮ್ಸ್‌ನೇ ಹೊಸ ಪಿತಾಮಹ. ಹಳೆಯ ಚಟ ಬಿಟ್ಟಿಲ್ಲ. 2015ರ ಡಿಸೆಂಬರ್‌ನಲ್ಲಿ ಹಾಲ್ ಆಫ್ ಫೇಮ್‌ನ ಸಮಿತಿ ಅವನ ಹೆಸರನ್ನು ಮತಕ್ಕೆ ಹಾಕಿತು. 12 ಮತ ಬೇಕಿತ್ತು, 10 ಬಿದ್ದವು. ನಾಲ್ಕೇ ತಿಂಗಳಲ್ಲಿ 1857ರ ನಿಯಮಗಳ ಅವನ ಹಸ್ತಪ್ರತಿಗಳು ಹರಾಜಿನಲ್ಲಿ 30 ಲಕ್ಷ ಡಾಲರ್ ದಾಟಿದವು. ಕಾರ್ಟ್‌ರೈಟ್‌ನ ಫಲಕವನ್ನು ತಿದ್ದುವ ಗೋಜಿಗೆ ಯಾರೂ ಹೋಗಿಲ್ಲ.