ಕಟಕಟೆಗೆ ಸಿದ್ಧ ಮಾಡುವವರು ಯಾರು?

ಮಚಾಂಗ್ ಲಾಲುಂಗ್ ಪ್ರಕರಣದ ಹೆಸರೆತ್ತಿದರೆ ನಮ್ಮ ಕಾನೂನು ಬರಹಗಾರರಲ್ಲಿ ಕೈಮುಗಿಯುವವರೇ ಹೆಚ್ಚು. 1951ರಲ್ಲಿ ಬಂಧಿತನಾಗಿ, ಮಾನಸಿಕ ಆಸ್ಪತ್ರೆ ಸೇರಿ, ವಿಚಾರಣೆಯೇ ಇಲ್ಲದೆ 2005ರಲ್ಲಿ ಹೊರಬಂದ ಅಸ್ಸಾಮಿನ ಆ ಮನುಷ್ಯನ ಕಥೆ ಗೊತ್ತಿರುವುದೇ. ಆದರೆ 2007ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನಗಳಿಗೆ ಅಷ್ಟು ಹೊಗಳಿಕೆ ಸಲ್ಲದು. ಆತ ಗುಣವಾಗಿದ್ದಾನೆಂದು ವೈದ್ಯರು 1967ರಲ್ಲೇ ಬರೆದುಕೊಟ್ಟಿದ್ದರು. ಆ ಕಾಗದದಿಂದ ವಿಚಾರಣೆ ಶುರುವಾಗಲಿಲ್ಲ. ಕೋರ್ಟು ಕಂಡುಕೊಂಡ ಮದ್ದಿನಲ್ಲಿ ದೊಡ್ಡ ಪಾಲು ಮತ್ತಷ್ಟು ಕಾಗದ: ಕಾಲಕಾಲಕ್ಕೆ ವರದಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇಂಥ ಮಾನಸಿಕ ಅಸ್ವಸ್ಥ ಆರೋಪಿಗಳ ವಿಚಾರಣೆಯ ಕುರಿತ 367, 368ನೇ ಕಲಮುಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 328, 329ರ ಪಡಿಯಚ್ಚು. ಒಂದು ಗುಣವನ್ನು ಒಪ್ಪೋಣ: ಮೇಲ್ನೋಟಕ್ಕೆ ಪ್ರಕರಣವೇ ನಿಲ್ಲದಿದ್ದರೆ ಆರೋಪಿಯನ್ನು ಪ್ರಶ್ನಿಸದೆಯೇ ಕೈಬಿಡಬೇಕು ಎನ್ನುತ್ತವೆ. ನಿಲ್ಲುವಂತಿದ್ದರೆ? ಚಿಕಿತ್ಸೆಗೆ ಬೇಕೆಂದು ಮನೋವೈದ್ಯರು ಹೇಳಿದಷ್ಟು ಕಾಲ ಮುಂದೂಡಿಕೆ. ಇಲ್ಲೇ ಎಡವಟ್ಟು. ಕಲಮು ಅಳೆಯುವುದು ತನ್ನ ಪರವಾಗಿ ವಾದಿಸಿಕೊಳ್ಳುವ ಶಕ್ತಿಯನ್ನು, ಕೊಡಿಸುವುದು ಗುಳಿಗೆಯನ್ನು. ಗುಳಿಗೆ ಕಿವಿಯಲ್ಲಿ ಕೇಳುವ ದನಿಗಳನ್ನು ನಿಲ್ಲಿಸೀತು. ತನ್ನ ಮೇಲಿನ ಆರೋಪವೇನು, ತಪ್ಪೊಪ್ಪಿಕೊಂಡರೆ ಏನಾದೀತು, ಎದುರಿಗಿರುವ ಕರಿಕೋಟಿನವರಲ್ಲಿ ತನ್ನ ಕಡೆಯವರು ಯಾರು, ಸಾಕ್ಷಿ ಸುಳ್ಳಾಡಿದಾಗ ವಕೀಲರಿಗೆ ಏನು ಹೇಳಬೇಕು — ಇದನ್ನೆಲ್ಲ ಯಾರಾದರೂ ಕೂತು ಹೇಳಿಕೊಡಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಆಸ್ಪತ್ರೆಯೊಳಗೇ ಇದರ ಪಾಠ ನಡೆಯುತ್ತದೆ. ನಮ್ಮ ಸಂಹಿತೆಗೆ ಅದರ ಗೊಡವೆಯೇ ಇಲ್ಲ.

ಹಾಸಿಗೆ ಸಾಲದು, ಮನೋವೈದ್ಯರು ಸಾಲರು ಎಂಬ ಹಳೇ ರಾಗದ ವಿಮರ್ಶಕರೊಂದಿಗೆ ನನ್ನ ತಕರಾರು ಇದೇ. ಕೊರತೆ ನಿಜ. ಆದರೆ ಧಾರವಾಡದಲ್ಲಿ ಮಾನಸಿಕ ಆಸ್ಪತ್ರೆ 1845ರಿಂದಲೂ ಇದೆ. ಹಾಸಿಗೆಯಿಂದಲೇ ಆರೋಪಿ ಸಿದ್ಧನಾಗುವಂತಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ. ಇನ್ನು ಕೆಲವರು ಕೃತ್ಯದ ಹೊತ್ತಿನ ಮನಸ್ಸನ್ನೂ ಕಟಕಟೆಯ ಹೊತ್ತಿನ ಮನಸ್ಸನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಮೊದಲನೆಯದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನ ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದು ವಿಚಾರಣೆ ನಡೆದರೆ ಮಾತ್ರ. ವಿಚಾರಣೆಗೇ ತಲುಪದವನಿಗೆ ಆ ರಕ್ಷಣೆಯಿಂದ ಏನು ಬಂತು? ಇಷ್ಟು ಸರಳ ಸಂಗತಿಯನ್ನು ಸೆಮಿನಾರುಗಳಲ್ಲಿ ಪ್ರತಿಸಲ ಬಿಡಿಸಿ ಹೇಳಬೇಕಾಗಿದೆ.

ಧಾರವಾಡದ ಆ ಹಳೇ ಮಾನಸಿಕ ಆಸ್ಪತ್ರೆಯೇ ಇಂದಿನ ಡಿಮ್ಹಾನ್ಸ್; ಅದೇ ಊರಲ್ಲಿ ಹೈಕೋರ್ಟ್ ಪೀಠವಿದೆ. ಹುಬ್ಬಳ್ಳಿ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಕಾನೂನು ಹುಡುಗರು ಅಣಕು ನ್ಯಾಯಾಲಯದ ಬಹುಮಾನಕ್ಕಾಗಿ ಊರೂರು ಸುತ್ತುತ್ತಾರೆ. ಅದನ್ನೇ ವಾರಕ್ಕೊಮ್ಮೆ ಡಿಮ್ಹಾನ್ಸಿನ ವಾರ್ಡಿನಲ್ಲಿ, ವಿಚಾರಣೆ ನಿಂತುಹೋದವರ ಎದುರು, ವೈದ್ಯರ ಸಮ್ಮುಖದಲ್ಲಿ ನಡೆಸಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮನಸ್ಸು ಮಾಡಬೇಕು.