ಸತ್ತವ ಮತ್ತೆ ಬಂದರೆ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹಳೇ ಪುಸ್ತಕದ ಗಾಡಿಯೊಂದರ ಮೇಲೆ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಸಿಕ್ಕಾಗ ಅದರ ಮುಖಪುಟ ಅರ್ಧ ಹರಿದಿತ್ತು. 1992ರ ನವೆಂಬರಿನಲ್ಲಿ ಹೊಸದಾಗಿ ಬಂದಾಗ ಈ 75ನೇ ಸಂಚಿಕೆಯನ್ನು ಕರಿ ಚೀಲದಲ್ಲಿ ಹಾಕಿ, ತೋಳಿಗೆ ಕಟ್ಟಿಕೊಳ್ಳುವ ಕರಿಪಟ್ಟಿಯ ಸಮೇತ ಮಾರಿದ್ದರು. ಸೂತಕವನ್ನೂ ಪೊಟ್ಟಣ ಕಟ್ಟಿ ಮಾರಿದ ವ್ಯಾಪಾರ ಅದು. ಆದರೂ ಚಿತ್ರಗಾರರ ಕಸುಬಿಗೆ ಕೈಮುಗಿಯಬೇಕು. ಹಿಂದಿನ ಸಂಚಿಕೆಗಳಲ್ಲಿ ಪುಟಕ್ಕೆ ನಾಲ್ಕು, ಮೂರು, ಎರಡು ಎಂದು ಚಿತ್ರಗಳು ಇಳಿಯುತ್ತ ಬಂದು, ಇಲ್ಲಿ ಪುಟಕ್ಕೊಂದೇ ಉಳಿಯುತ್ತದೆ. ಡೂಮ್ಸ್‌ಡೇ ಎಂಬ ರಾಕ್ಷಸನೊಡನೆ ಬಡಿದಾಡಿ ನಾಯಕ ನಡುಬೀದಿಯಲ್ಲಿ ಸಾಯುವಾಗ ಓದುವವನ ಉಸಿರೂ ಕಟ್ಟುತ್ತದೆ.

ಮರುವರ್ಷವೇ ನಾಲ್ವರು ಎದ್ದುಬಂದರು. ಉಕ್ಕಿನ ಅಂಗಿಯವನೊಬ್ಬ, ಹುಡುಗನೊಬ್ಬ, ಕರುಣೆಯಿಲ್ಲದವನೊಬ್ಬ, ಅರ್ಧ ಯಂತ್ರವಾದವನೊಬ್ಬ. ನಾಲ್ವರ ಎದೆಯ ಮೇಲೂ ಸತ್ತವನದೇ ಗುರುತು. ಪೇಶ್ವೆಗಳ ಕತೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದು ಹೊಸದಲ್ಲ ಬಿಡಿ. 1761ರಲ್ಲಿ ಪಾಣಿಪತ್ತಿನ ಕಾಳಗದಲ್ಲಿ ಬಿದ್ದ ಮರಾಠಾ ಸೇನಾಪತಿ ಸದಾಶಿವರಾವ್ ಭಾವು ತಾನೇ ಎಂದು ಒಬ್ಬ ತೋತಯಾ, ಅಂದರೆ ಸೋಗಿನವ, ಎದ್ದಿದ್ದ. 1776ರಲ್ಲಿ ಅವನಿಗೆ ಮರಣದಂಡನೆಯಾಯಿತು. ತೋತಯಾ ತನ್ನ ಸುಳ್ಳಿಗೆ ತಲೆ ಕೊಟ್ಟ. ಕಾಮಿಕ್ಸಿನಲ್ಲಿ ಯಾರೂ ಏನೂ ಕೊಡಲಿಲ್ಲ. ಅಸಲಿ ಸೂಪರ್‌ಮ್ಯಾನ್ ಹೆಗಲ ತನಕ ಕೂದಲು ಬಿಟ್ಟುಕೊಂಡು ವಾಪಸು ಬಂದ, ಕರಿಪಟ್ಟಿ ಕಟ್ಟಿಕೊಂಡು ಅತ್ತವರು ಪೆಚ್ಚಾದರು. 2007ರಲ್ಲಿ ಗುಂಡಿಗೆ ಬಿದ್ದ ಕ್ಯಾಪ್ಟನ್ ಅಮೆರಿಕಾನೂ ಹೆಚ್ಚು ದಿನ ಮಲಗಿರಲಿಲ್ಲ. ಈಗ ಯಾವ ನಾಯಕ ಸತ್ತರೂ ಓದುಗ ಕೇಳುವುದು ಒಂದೇ: ಬರೋದು ಯಾವಾಗ?

ಈ ಪರಂಪರೆಯಲ್ಲಿ ಜಾಣನೆಂದರೆ ಲೀ ಫಾಕ್. ಆತ 1936ರಲ್ಲಿ ಹುಟ್ಟಿಸಿದ ಫ್ಯಾಂಟಮ್‌ನನ್ನು ನಮ್ಮ ದೇಶದ ಮಕ್ಕಳ ಕೈಗಿಟ್ಟದ್ದು 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್. ಅದು ಕನ್ನಡದಲ್ಲೂ ಬಂತು. ಅಲ್ಲಿ ಅಪ್ಪ ನಿಜಕ್ಕೂ ಸಾಯುತ್ತಾನೆ, ಮಗ ಮುಖವಾಡ ತೊಡುತ್ತಾನೆ. ಕಾಡಿನವರ ಪಾಲಿಗೆ ಅವನು ಸಾವಿಲ್ಲದವ. ತಲೆಬುರುಡೆ ಗವಿಯೊಳಗೆ ಸಾಲಾಗಿ ಮಲಗಿದ ಇಪ್ಪತ್ತು ಹಿರಿಯರ ಗುಟ್ಟು ಗೊತ್ತಿರುವುದು ಓದುಗನಿಗೆ. ಸಾವನ್ನು ಅಳಿಸದೆ ನಾಯಕನನ್ನು ಉಳಿಸುವ ಹಂಚಿಕೆ ಇದು. ಕಾಡುಜನರ ನಂಬಿಕೆಯ ಮೇಲೆ ಬಿಳಿಯನೊಬ್ಬ ತಲೆತಲಾಂತರ ಯಜಮಾನಿಕೆ ನಡೆಸುವುದು ಮಾತ್ರ ಈಗ ಓದಿದರೆ ಗಂಟಲಲ್ಲಿ ಇಳಿಯುವುದಿಲ್ಲ.

ನನಗೆ ಈ ಎಲ್ಲರನ್ನೂ ತೂಗುವ ತಕ್ಕಡಿ, ಕಿತ್ತೂರಿಗಾಗಿ ಬ್ರಿಟಿಷರ ಮೇಲೆ ಎದ್ದ ನಮ್ಮದೇ ಸಂಗೊಳ್ಳಿ ರಾಯಣ್ಣನ ಲಾವಣಿ. ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬ 1880ರ ದಶಕದಲ್ಲಿ ಇಂಡಿಯನ್ ಆ್ಯಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಹೊತ್ತಿಗಾಗಲೇ ಅದು ಊರೂರಲ್ಲಿ ಬಾಯಿಪಾಠವಾಗಿತ್ತು. ಡಪ್ಪು, ತುಂತುಣಿ, ತಾಳ ಇಷ್ಟೇ ಸರಂಜಾಮು. ಹೊಗಳುವುದರಲ್ಲಿ ಅದನ್ನು ಹಾಡುವ ಗೀಗಿ ಮೇಳದವರೇನೂ ಕಡಿಮೆಯಲ್ಲ: ರಾಯಣ್ಣ ಅಲ್ಲಿ ಗುಡ್ಡ ಹಾರುತ್ತಾನೆ, ಪಲ್ಟನ್ನುಗಳನ್ನು ಬೆದರಿಸಿ ಓಡಿಸುತ್ತಾನೆ. ಆದರೆ ಅವನು ಸೆರೆಸಿಕ್ಕ ಡೋರಿಹಳ್ಳಕ್ಕೆ ಬಂದಾಗ ಹಾಡಿನ ದನಿ ಇಳಿಯುತ್ತದೆ. ಜಳಕಕ್ಕಿಳಿದವನ ಕತ್ತಿಯನ್ನು ನಂಬಿಗಸ್ತನೇ ದೂರ ಒಯ್ಯುತ್ತಾನೆ. ಮೋಸ ಮಾಡಿದವನನ್ನು ಹಾಡುಗಾರ ಇಂದಿಗೂ ಕ್ಷಮಿಸಿಲ್ಲ. ರಾಯಣ್ಣನನ್ನು ಗಲ್ಲಿನಿಂದ ಇಳಿಸಿಯೂ ಇಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ನೇಣಿಗೇರಿಸಿದರು, ಹಾಡೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಕೊನೆ ಏನೆಂದು ಬಲ್ಲ ಜನವೇ ಬೆಳಗಿನ ತನಕ ಕೂತು ಕೇಳುತ್ತಾರೆ. ಅಮೆರಿಕದ ಕಾಮಿಕ್ಸ್ ತನ್ನ ಓದುಗರನ್ನು ಇಷ್ಟು ನಂಬಲಿಲ್ಲ. ನಮ್ಮವರೂ ಈಗ ನಂಬುತ್ತಿಲ್ಲವೇನೋ: 2012ರ ಸಿನಿಮಾದ ರಾಯಣ್ಣ ಲಾವಣಿಗಿಂತ ಕಾಮಿಕ್ಸಿಗೇ ಹತ್ತಿರದವ.

1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆಯ ಕಲ್ಲಿನ ಸ್ಮಾರಕ ಧಾರವಾಡದಲ್ಲಿದೆ. ಅದನ್ನು ನೋಡಿಕೊಂಡು, ಅಳ್ನಾವರದ ಮೇಲೆ ಹಾಯ್ದು ಒಮ್ಮೆ ನಂದಗಡಕ್ಕೆ ಹೋಗಿ ಬನ್ನಿ. ರಾಯಣ್ಣನನ್ನು ಹೂಳಿದಲ್ಲಿ ಜೊತೆಗಾರ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆಂದು ಜನ ಹೇಳುವ ಆಲದ ಮರವಿದೆ. ಮಕ್ಕಳಿಲ್ಲದವರು ಬಂದು ಅದರ ಕೊಂಬೆಗೆ ತೊಟ್ಟಿಲು ಕಟ್ಟುತ್ತಾರೆ.